ಪೊರೆ ಹರಿಯದೆ ಹೊರಬರುವ ಇನ್ಸುಲಿನ್

ಇನ್ಸುಲಿನ್ ಚರಿತ್ರೆ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಊರು ಟೊರಾಂಟೊ. 1921ರ ಬೇಸಿಗೆಯಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ನಾಯಿಗಳ ಮೇಲೆ ನಡೆಸಿದ ಪ್ರಯೋಗ, 1922ರ ಜನವರಿ 11ರಂದು ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಮ್ಸನ್‌ಗೆ ಕೊಟ್ಟ ಮೊದಲ ಇಂಜೆಕ್ಷನ್, ಹನ್ನೆರಡು ದಿನದ ಮೇಲೆ ಜೇಮ್ಸ್ ಕಾಲಿಪ್ ಶುದ್ಧಿ ಮಾಡಿಕೊಟ್ಟ ಮದ್ದಿನಿಂದ ಆ ಹುಡುಗ ಚೇತರಿಸಿಕೊಂಡದ್ದು, 1923ರ ನೊಬೆಲ್. ಎಷ್ಟು ಸಲ ಹೇಳಿದರೂ ಹಳತಾಗದ ಕಥೆ ಅದು. ಆದರೆ ನನ್ನ ಪ್ರಕಾರ ಅದು ಅರ್ಧ ಕಥೆ. ಗ್ರಂಥಿಯಿಂದ ಹಾರ್ಮೋನನ್ನು ಮನುಷ್ಯ ಹೇಗೆ ತೆಗೆದ ಎಂಬುದು ಟೊರಾಂಟೊದ ಕಥೆ. ಗ್ರಂಥಿ ತಾನೇ ಅದನ್ನು ದಿನವೂ ಹೇಗೆ ಹೊರಗೆ ಬಿಡುತ್ತದೆ ಎಂಬುದು ಇನ್ನೊಂದು ಕಥೆ. ಅದು ತಿಳಿಯಲು ಆಮೇಲೆ ಎಪ್ಪತ್ತು ವರ್ಷ ಹಿಡಿಯಿತು. ಅದರಲ್ಲಿ ಕಪ್ಪೆಯಿದೆ, ಗಿನಿಪಿಗ್ ಇದೆ, ಬ್ರೆಡ್ಡಿಗೆ ಹಾಕುವ ಯೀಸ್ಟ್ ಇದೆ, ಹಣ್ಣುನೊಣವಿದೆ, ಧನುರ್ವಾಯುವಿನ ವಿಷವಿದೆ. ಬೆಂಗಳೂರಿನ ಜೊತೆ ನಂಟಿರುವ ಹೆಸರುಗಳೂ ಇವೆ.

ನಾನು ದಾವಣಗೆರೆಯಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಶರೀರಕ್ರಿಯಾಶಾಸ್ತ್ರ ಕಲಿಸುತ್ತಿದ್ದವಳು. 1980ರ ದಶಕದಲ್ಲಿ ಪಾಠ ಶುರು ಮಾಡಿದಾಗ ನಮ್ಮ ಪಠ್ಯಗಳಲ್ಲಿ ಈ ವಿಷಯಕ್ಕೆ ಸಿಗುತ್ತಿದ್ದದ್ದು ಒಂದೆರಡು ವಾಕ್ಯ: ಇನ್ಸುಲಿನ್ ತುಂಬಿದ ಕಣಗಳು ಕೋಶದ ಅಂಚಿಗೆ ಬರುತ್ತವೆ, ಎಕ್ಸೊಸೈಟೋಸಿಸ್ ಮೂಲಕ ಹೊರಬೀಳುತ್ತವೆ. ಅಷ್ಟೇ. ನಾನು ನಿವೃತ್ತಳಾಗುವ ಹೊತ್ತಿಗೆ ಅದೇ ವಿಷಯ ಒಂದು ಅಧ್ಯಾಯವಾಗಿತ್ತು. ಆ ಅಧ್ಯಾಯ ಬೆಳೆದದ್ದು ನನ್ನ ಕಣ್ಣೆದುರಿಗೆ. ಲೈಬ್ರರಿಗೆ ತಿಂಗಳುಗಟ್ಟಲೆ ತಡವಾಗಿ ಬರುತ್ತಿದ್ದ ಪತ್ರಿಕೆಗಳಲ್ಲಿ ಅದನ್ನು ಓದುತ್ತಾ ಬಂದೆ.

ಮೊದಲು ಗ್ರಂಥಿಯನ್ನು ನೋಡಬೇಕು. ಹಿಮಟಾಕ್ಸಿಲಿನ್ ಮತ್ತು ಇಯೋಸಿನ್ ಬಣ್ಣ ಹಾಕಿದ ಮೇದೋಜೀರಕ ಗ್ರಂಥಿಯ ಸ್ಲೈಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕಣ್ಣಿಗೆ ಮೊದಲು ಬೀಳುವುದು ಒತ್ತೊತ್ತಾಗಿ ಕೂತ ನೇರಳೆ ಗೊಂಚಲುಗಳು. ಅವು ಜೀರ್ಣರಸ ಮಾಡುವ ಕೋಶಗಳು. ಒಂದೊಂದು ಕೋಶದ ಬುಡ ಗಾಢ ನೇರಳೆ. ಗೊಂಚಲಿನ ನಡುವಿಗೆ ತಿರುಗಿದ ತುದಿಯಲ್ಲಿ ಗುಲಾಬಿ ಬಣ್ಣದ ಕಾಳುಕಾಳು. ಸ್ಲೈಡನ್ನು ಮೆಲ್ಲಗೆ ಸರಿಸುತ್ತಾ ಹೋದರೆ ಒಂದು ಕಡೆ ಬಣ್ಣ ತಿಳಿಯಾಗುತ್ತದೆ: ಮಸುಕು ಕೋಶಗಳ ಒಂದು ಗುಂಡು ಗುಂಪು, ಅದರ ನಡುನಡುವೆ ಕೂದಲೆಳೆಯಂಥ ರಕ್ತನಾಳಗಳು. 1869ರಲ್ಲಿ ಬರ್ಲಿನ್ನಿನಲ್ಲಿ ಪಾಲ್ ಲ್ಯಾಂಗರ್‌ಹ್ಯಾನ್ಸ್ ಎಂಬ ಇಪ್ಪತ್ತೊಂದರ ಹರೆಯದ ವಿದ್ಯಾರ್ಥಿ ತನ್ನ ಪ್ರಬಂಧದಲ್ಲಿ ವರ್ಣಿಸಿದ್ದು ಇವನ್ನೇ. ಇವುಗಳ ಕೆಲಸವೇನು ಎಂದು ಅವನಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲವೆಂದೇ ಬರೆದ. ಕ್ಷಯ ಹತ್ತಿ ಮಡೀರಾ ದ್ವೀಪಕ್ಕೆ ಹೋಗಿ 1888ರಲ್ಲಿ ತೀರಿಕೊಂಡ. ಮೇದೋಜೀರಕ ಗ್ರಂಥಿ ತೆಗೆದರೆ ನಾಯಿಗೆ ಸಕ್ಕರೆ ಕಾಯಿಲೆ ಬರುತ್ತದೆ ಎಂದು ಸ್ಟ್ರಾಸ್‌ಬರ್ಗಿನಲ್ಲಿ ಆಸ್ಕರ್ ಮಿಂಕೋವ್‌ಸ್ಕಿ ಮತ್ತು ಜೋಸೆಫ್ ಫಾನ್ ಮೆರಿಂಗ್ ತೋರಿಸಿದ್ದು ಮರುವರ್ಷವೇ. ಆ ಮಸುಕು ಗುಂಪುಗಳಿಗೆ ಲ್ಯಾಂಗರ್‌ಹ್ಯಾನ್ಸ್ ಹೆಸರಿಟ್ಟವರು ಫ್ರಾನ್ಸಿನ ಎದುವಾರ್ ಲಾಗೆಸ್, 1893ರಲ್ಲಿ. ಅದನ್ನು ಕೇಳಲು ಅವನು ಇರಲಿಲ್ಲ.

ಈ ಗುಂಪುಗಳಲ್ಲಿ ಹೆಚ್ಚಿನವು ಬೀಟಾ ಕೋಶಗಳು. ಒಂದೊಂದು ಬೀಟಾ ಕೋಶದಲ್ಲಿ ಸುಮಾರು 10,000 ಕಣಗಳು, ಕಣದೊಳಗೆ ಲಕ್ಷಗಟ್ಟಲೆ ಇನ್ಸುಲಿನ್ ಅಣುಗಳು. ಕಣದ ಅಡ್ಡಗಲ ಒಂದು ಮಿಲಿಮೀಟರಿನ ಮೂರು ಸಾವಿರದಲ್ಲಿ ಒಂದು ಪಾಲಿನಷ್ಟು. ಇನ್ನು ಇನ್ಸುಲಿನ್ ಅಂದರೆ 51 ಅಮೈನೊ ಆಮ್ಲಗಳ ಪ್ರೋಟೀನು, ನೀರಿನ ಸ್ವಭಾವದ್ದು. ಕೋಶದ ಪೊರೆ ಎರಡು ಪದರದ ಕೊಬ್ಬು. ಕೊಬ್ಬನ್ನು ಹಾಯ್ದು ಪ್ರೋಟೀನು ಹೋಗಲಾರದು. ಪೊರೆಯಲ್ಲಿ ತೂತು ಮಾಡಿದರೆ ಕೋಶ ಸಾಯುತ್ತದೆ. ಊಟವಾದ ಕೆಲವೇ ನಿಮಿಷಗಳಲ್ಲಿ ಇನ್ಸುಲಿನ್ ರಕ್ತದಲ್ಲಿ ಕಾಣುತ್ತದೆ, ಕೋಶವೂ ಚೆನ್ನಾಗಿಯೇ ಇರುತ್ತದೆ. ಹಾಗಾದರೆ ದಾರಿ ಯಾವುದು?

ಉತ್ತರದ ಮೊದಲ ಭಾಗ ಸಿಕ್ಕಿದ್ದು ಅದೇ ಗ್ರಂಥಿಯ ನೇರಳೆ ಗೊಂಚಲುಗಳಲ್ಲಿ. ಜಾರ್ಜ್ ಪಲಾಡೆ ರೊಮೇನಿಯಾದ ಯಾಶ್ ಪಟ್ಟಣದಲ್ಲಿ 1912ರಲ್ಲಿ ಹುಟ್ಟಿದವರು, 1946ರಲ್ಲಿ ಅಮೆರಿಕಕ್ಕೆ ಬಂದು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆ ಸೇರಿದರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಆಗಷ್ಟೇ ಜೀವಶಾಸ್ತ್ರದ ಕೈಗೆ ಬಂದಿತ್ತು. ಅವರಿಗೆ ಇನ್ಸುಲಿನ್ ಬಗ್ಗೆ ಆಸಕ್ತಿಯಿರಲಿಲ್ಲ. ಜೀರ್ಣರಸ ಮಾಡುವ ಕೋಶ ತಾನು ಮಾಡಿದ್ದನ್ನು ಹೊರಗೆ ಹೇಗೆ ಕಳಿಸುತ್ತದೆ ಎಂಬುದು ಅವರ ಪ್ರಶ್ನೆ. 1960ರ ದಶಕದಲ್ಲಿ ಜೇಮ್ಸ್ ಜೇಮಿಸನ್ ಜೊತೆ ಮಾಡಿದ ಪ್ರಯೋಗವನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ನಿಧಾನವಾಗಿ ಹೇಳುತ್ತಿದ್ದೆ. ಗಿನಿಪಿಗ್ಗಿನ ಮೇದೋಜೀರಕ ಗ್ರಂಥಿಯ ತೆಳು ಹೋಳುಗಳಿಗೆ ವಿಕಿರಣ ಸೂಸುವ ಲ್ಯೂಸಿನ್ ಎಂಬ ಅಮೈನೊ ಆಮ್ಲವನ್ನು 3 ನಿಮಿಷ ಮಾತ್ರ ಉಣಿಸಿದರು. ಆಮೇಲೆ ಸಾಮಾನ್ಯ ಲ್ಯೂಸಿನ್. ಆ 3 ನಿಮಿಷದಲ್ಲಿ ತಯಾರಾದ ಪ್ರೋಟೀನಿಗೆ ಮಾತ್ರ ಗುರುತು ಬಿತ್ತು. ಬೇರೆ ಬೇರೆ ಹೊತ್ತಿಗೆ ಹೋಳುಗಳನ್ನು ತೆಗೆದು, ಅದಕ್ಕಿಂತ ತೆಳುವಾಗಿ ಕತ್ತರಿಸಿ, ಛಾಯಾಚಿತ್ರದ ಲೇಪ ಬಳಿದು, ಕತ್ತಲಲ್ಲಿ ವಾರಗಟ್ಟಲೆ ಇಟ್ಟರು. ವಿಕಿರಣ ಇರುವಲ್ಲೆಲ್ಲ ಬೆಳ್ಳಿಯ ಕಪ್ಪು ಗೀಟುಗಳು ಮೂಡಿದವು. ಮೊದಲು ಕೋಶದ ಬುಡದಲ್ಲಿ, ಕೆಲ ನಿಮಿಷಗಳ ಮೇಲೆ ಗಾಲ್ಗಿ ಎಂಬ ಪೊರೆಗಳ ಅಟ್ಟಿಯ ಬಳಿ, ಎರಡು ಗಂಟೆಯ ಹೊತ್ತಿಗೆ ತುದಿಯ ಗುಲಾಬಿ ಕಾಳುಗಳಲ್ಲಿ. ಆ ದಾರಿಯಲ್ಲಿ ಎಲ್ಲಿಯೂ ಪ್ರೋಟೀನು ಬಿಡಿಯಾಗಿ ಇರಲಿಲ್ಲ. ಉದ್ದಕ್ಕೂ ಪೊರೆಯ ಚೀಲದೊಳಗೇ ಇತ್ತು. ಕೊನೆಗೆ ಚೀಲದ ಪೊರೆ ಕೋಶದ ಪೊರೆಯೊಂದಿಗೆ ಒಂದಾಗುತ್ತದೆ. ಒಂದಾದ ಕ್ಷಣ ಚೀಲದ ಒಳಗು ಕೋಶದ ಹೊರಗಾಗುತ್ತದೆ. ಎಲ್ಲೂ ಏನೂ ಹರಿಯುವುದಿಲ್ಲ.

ಇದನ್ನು ಮೊದಲ ಸಲ ಅರ್ಥ ಮಾಡಿಕೊಂಡ ದಿನ ನನಗಾದ ಸಂತೋಷವನ್ನು ಹೇಳಲಾರೆ. ಪಲಾಡೆಗೆ 1974ರಲ್ಲಿ ಆಲ್ಬರ್ಟ್ ಕ್ಲಾಡ್, ಕ್ರಿಶ್ಚಿಯನ್ ದ ಡ್ಯೂವ್ ಜೊತೆ ನೊಬೆಲ್ ಬಂತು.

ಬೀಟಾ ಕೋಶದಲ್ಲೂ ಇದೇ ನಡೆಯುತ್ತದೆ ಎಂದು 1961ರಲ್ಲೇ ಹೇಳಿದವರು ಸೇಂಟ್ ಲೂಯಿಯ ಪಾಲ್ ಲೇಸಿ. ಎಲೆಕ್ಟ್ರಾನ್ ಚಿತ್ರಗಳಲ್ಲಿ ಇನ್ಸುಲಿನ್ ಕಣದ ಚೀಲ ಕೋಶದ ಪೊರೆಗೆ ಕೂಡಿಕೊಂಡು ಒಳಗಿನ ಸರಕು ಹೊರಗೆ ಬಂದಿದ್ದನ್ನು ಅವರು ಕಂಡಿದ್ದರು. 1970ರ ದಶಕದಲ್ಲಿ ಜಿನೀವಾದ ಲೆಲಿಯೊ ಓರ್ಚಿ ಕೋಶಗಳನ್ನು ಹೆಪ್ಪುಗಟ್ಟಿಸಿ ಒಡೆದು ಪೊರೆಯ ಮುಖವನ್ನೇ ನೋಡುವ ವಿಧಾನದಿಂದ ಅದನ್ನು ಇನ್ನಷ್ಟು ಖಚಿತವಾಗಿ ತೋರಿಸಿದರು. ಬೀಟಾ ಕಣದ ಚಿತ್ರ ನೋಡಿದವರು ಮರೆಯುವುದಿಲ್ಲ: ಸುತ್ತ ಬಿಳಿ ಬಳೆ, ನಡುವೆ ಕಪ್ಪು ಗಟ್ಟಿ ತಿರುಳು. ಆ ತಿರುಳು ಇನ್ಸುಲಿನ್ ಹರಳು. ಆರಾರು ಇನ್ಸುಲಿನ್ ಅಣುಗಳು ಸತುವಿನ ಸುತ್ತ ಕೂತು ಹರಳಾಗುತ್ತವೆ. ಹೀಗಾಗಿ ಅಷ್ಟು ಸಣ್ಣ ಜಾಗದಲ್ಲಿ ಅಷ್ಟೊಂದು ಸರಕು ಹಿಡಿಯುತ್ತದೆ. ಹೊರಗೆ ಬಿದ್ದಾಗ ಕರಗಿ ಬಿಡಿಯಾಗುತ್ತದೆ. ಈ ರಚನೆಯನ್ನು 1969ರಲ್ಲಿ ಆಕ್ಸ್‌ಫರ್ಡಿನಲ್ಲಿ ಡೊರೊಥಿ ಹಾಜ್‌ಕಿನ್ ಗುಂಪು ಬಿಡಿಸಿತು. ಆ ಗುಂಪಿನಲ್ಲಿ ಎಂ. ವಿಜಯನ್ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್‌ಡಿ ಮುಗಿಸಿ ಅಲ್ಲಿಗೆ ಹೋಗಿದ್ದವರು, 1971ರಲ್ಲಿ ಅದೇ ಸಂಸ್ಥೆಗೆ ಮರಳಿ, ಪ್ರೋಟೀನು ಹರಳುಗಳ ಅಧ್ಯಯನವನ್ನು ಈ ದೇಶದಲ್ಲಿ ಕಟ್ಟಿ ನಿಲ್ಲಿಸಿದರು. ಇನ್ಸುಲಿನ್ ರೂಪ ಮೊದಲು ಕಂಡವರಲ್ಲಿ ಒಬ್ಬರು ನಮ್ಮ ಮಲ್ಲೇಶ್ವರದ ಪಕ್ಕದಲ್ಲೇ ದಶಕಗಟ್ಟಲೆ ಕೆಲಸ ಮಾಡಿದರು ಎಂಬುದು ಎಷ್ಟು ಕನ್ನಡಿಗರಿಗೆ ಗೊತ್ತು?

ದಾರಿ ತಿಳಿಯಿತು. ಚೀಲ ಯಾವಾಗ ಕೂಡಿಕೊಳ್ಳಬೇಕು ಎಂದು ಹೇಳುವವರು ಯಾರು? ಇದಕ್ಕೆ ಕಪ್ಪೆ ಉತ್ತರ ಕೊಟ್ಟಿತು. ಬರ್ನಾರ್ಡ್ ಕಾಟ್ಜ್ ಲೈಪ್‌ಜಿಗ್‌ನಲ್ಲಿ ಓದಿದ ಯಹೂದಿ. 1935ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಲಂಡನ್ನಿಗೆ ಬಂದರು. ಯೂನಿವರ್ಸಿಟಿ ಕಾಲೇಜಿನಲ್ಲಿ, 1950ರ ದಶಕದ ಮೊದಲಲ್ಲಿ, ಕಪ್ಪೆಯ ಸ್ನಾಯುವಿಗೆ ನರ ತಾಗುವ ಜಾಗದಲ್ಲಿ ಪಾಲ್ ಫ್ಯಾಟ್ ಜೊತೆ ಸೂಕ್ಷ್ಮ ವಿದ್ಯುತ್ ಅಳೆಯುತ್ತಿದ್ದಾಗ, ನರ ಸುಮ್ಮನಿದ್ದಾಗಲೂ ಅರ್ಧ ಮಿಲಿವೋಲ್ಟಿನಷ್ಟು ಪುಟ್ಟ ಮಿಡಿತಗಳು ಬರುತ್ತಿರುವುದನ್ನು ಕಂಡರು. ನರವನ್ನು ಎಬ್ಬಿಸಿದಾಗ ಬರುವ ದೊಡ್ಡ ಮಿಡಿತ ಆ ಪುಟ್ಟದರ ಒಂದು, ಎರಡು, ಮೂರು ಪಟ್ಟು ಇರುತ್ತಿತ್ತು. ಒಂದೂವರೆ ಪಟ್ಟು ಎಂಬುದಿಲ್ಲ. ನರ ತನ್ನ ರಾಸಾಯನಿಕವನ್ನು ಕಟ್ಟುಕಟ್ಟಾಗಿ ಬಿಡುತ್ತದೆ ಎಂದು ಅವರು ತೀರ್ಮಾನಿಸಿದರು. ಕೆಲವೇ ವರ್ಷಗಳಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನರತುದಿಯ ಪುಟ್ಟ ಚೀಲಗಳು ಕಂಡವು. ಬಿಡುಗಡೆಗೆ ಕ್ಯಾಲ್ಸಿಯಂ ಬೇಕೇ ಬೇಕು ಎಂಬುದೂ ಗೊತ್ತಾಯಿತು. ಇತ್ತ ವಿಲಿಯಂ ಡಗ್ಲಸ್ 1961ರಲ್ಲಿ ಅಡ್ರಿನಲ್ ಗ್ರಂಥಿಯಲ್ಲಿ ಅದೇ ಮಾತು ಹೇಳಿದರು. ಆ ದಶಕ ಮುಗಿಯುವುದರೊಳಗೆ ಇನ್ಸುಲಿನ್‌ಗೂ ಅದು ಸರಿಯೆಂದು ಸಾಬೀತಾಯಿತು. ನರ, ಅಡ್ರಿನಲ್, ಬೀಟಾ ಕೋಶ ಎಂದು ನಾವು ಪಾಠದಲ್ಲಿ ಬೇರೆ ಬೇರೆ ಅಧ್ಯಾಯ ಮಾಡಿಕೊಂಡಿದ್ದೇವೆ. ದೇಹ ಹಾಗೆ ಮಾಡಿಕೊಂಡಿಲ್ಲ.

ಇಲ್ಲಿ ನಮ್ಮವ್ವನ ಮಾತು ಬರಬೇಕು. ಅವಳಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ ಡಾಕ್ಟರು ಬರೆದುಕೊಟ್ಟದ್ದು ಗ್ಲಿಬೆನ್‌ಕ್ಲಮೈಡ್. ಊಟಕ್ಕೆ ಮುಂಚೆ ಅಂಗೈಯಲ್ಲಿ ಮಾತ್ರೆ ಇಟ್ಟುಕೊಂಡು ಕೇಳುತ್ತಿದ್ದಳು: "ಈ ಗುಳಿಗಿ ಒಳಗ್ ಹೋಗಿ ಏನ್ ಮಾಡ್ತತವ್ವಾ?" ಆ ಪ್ರಶ್ನೆಗೆ ಉತ್ತರ ಶುರುವಾಗುವುದು 1942ರಲ್ಲಿ, ಯುದ್ಧದ ನಡುವಿನ ಫ್ರಾನ್ಸಿನಲ್ಲಿ. ಮಾಂಪೆಲ್ಯೆ ಪಟ್ಟಣದಲ್ಲಿ ಮಾರ್ಸೆಲ್ ಜಾನ್‌ಬಾನ್ ಎಂಬ ವೈದ್ಯರು ಟೈಫಾಯ್ಡ್ ರೋಗಿಗಳಿಗೆ ಹೊಸ ಸಲ್ಫಾ ಮದ್ದು ಕೊಡುತ್ತಿದ್ದರು. ರೋಗಿಗಳ ರಕ್ತದಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಿತು. ಅದೇ ಊರಿನ ಒಗ್ಯುಸ್ತ್ ಲುಬಾತಿಯೇರ್ ನಾಯಿಗಳಲ್ಲಿ ಪರೀಕ್ಷಿಸಿ, ಮೇದೋಜೀರಕ ಗ್ರಂಥಿ ಇದ್ದರೆ ಮಾತ್ರ ಈ ಮದ್ದು ಸಕ್ಕರೆ ಇಳಿಸುತ್ತದೆ, ಗ್ರಂಥಿ ತೆಗೆದರೆ ಇಳಿಸುವುದಿಲ್ಲ ಎಂದು ತೋರಿಸಿದರು. ಮದ್ದು ತಾನು ಸಕ್ಕರೆಯನ್ನು ಮುಟ್ಟುವುದಿಲ್ಲ. ಗ್ರಂಥಿಯಿಂದ ಇನ್ಸುಲಿನ್ ಬಿಡಿಸುತ್ತದೆ. ಹೇಗೆ ಎಂಬುದು ಇನ್ನೂ ನಲವತ್ತು ವರ್ಷ ತಿಳಿಯಲಿಲ್ಲ. ಬೀಟಾ ಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಹೊರಹೋಗುವ ಒಂದು ಬಗೆಯ ದ್ವಾರವಿದೆ. ಕೋಶದೊಳಗೆ ಗ್ಲೂಕೋಸ್ ಉರಿದು ಎಟಿಪಿ ಎಂಬ ಶಕ್ತಿಯ ಅಣು ಹೆಚ್ಚಾದರೆ ಆ ದ್ವಾರ ಮುಚ್ಚುತ್ತದೆ ಎಂದು 1984ರಲ್ಲಿ ಆಕ್ಸ್‌ಫರ್ಡಿನ ಫ್ರಾನ್ಸಿಸ್ ಆಶ್‌ಕ್ರಾಫ್ಟ್ ತೋರಿಸಿದರು. ಅದು ಮುಚ್ಚಿದರೆ ಪೊರೆಯ ವಿದ್ಯುತ್ತು ಏರುಪೇರಾಗುತ್ತದೆ, ಕ್ಯಾಲ್ಸಿಯಂ ದ್ವಾರ ತೆರೆಯುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ, ಅಂಚಿನಲ್ಲಿ ಕಾದು ಕೂತ ಕಣಗಳು ಪೊರೆಗೆ ಕೂಡಿಕೊಳ್ಳುತ್ತವೆ. ಅವ್ವನ ಮಾತ್ರೆ ಅದೇ ಪೊಟ್ಯಾಸಿಯಂ ದ್ವಾರವನ್ನು ಮುಚ್ಚುತ್ತಿತ್ತು. ಅದನ್ನು ಬಿಡಿಸಿ ಹೇಳಿದಾಗ ಅವಳು, "ಹಂಗಾದ್ರ ಒಳಗ ಇನ್ಸುಲಿನ್ ಇದ್ರಷ್ಟ ಈ ಗುಳಿಗಿ ಕೆಲಸ ಮಾಡ್ತತಿ" ಅಂದಳು. ಲುಬಾತಿಯೇರ್ ನಾಯಿಗಳಿಂದ ಕಂಡುಕೊಂಡದ್ದೂ ಇದನ್ನೇ.

ಈಗ ಕಥೆಯ ಕಠಿಣ ಭಾಗ. ಎರಡು ಪೊರೆಗಳು ಹತ್ತಿರ ಬಂದ ಮಾತ್ರಕ್ಕೆ ಕೂಡಿಕೊಳ್ಳುವುದಿಲ್ಲ. ಅವುಗಳ ಮೈಗೆ ನೀರು ಅಂಟಿರುತ್ತದೆ, ಎರಡೂ ಒಂದನ್ನೊಂದು ತಳ್ಳುತ್ತವೆ. ಯಾವುದೋ ಬಲ ಅವನ್ನು ಒತ್ತಿ ಕೂಡಿಸಬೇಕು. ಆ ಬಲ ಯಾವುದು ಎಂದು ಬೀಟಾ ಕೋಶವನ್ನು ನೋಡುತ್ತಾ ಕೂತವರಿಗೆ ಸಿಗಲಿಲ್ಲ.

ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ರ್‍ಯಾಂಡಿ ಶೆಕ್‌ಮನ್ ಹಿಡಿದದ್ದು ಯೀಸ್ಟ್. ಯೀಸ್ಟಿಗೆ ಮೇದೋಜೀರಕ ಗ್ರಂಥಿಯಿಲ್ಲ, ಸಕ್ಕರೆ ಕಾಯಿಲೆಯಿಲ್ಲ. ಆದರೆ ಅದೂ ಕಿಣ್ವಗಳನ್ನು ಹೊರಗೆ ಬಿಡುತ್ತದೆ. ಹೊರಗೆ ಬಿಡಲಾರದ ಯೀಸ್ಟ್ ಸಿಕ್ಕರೆ, ಅದರಲ್ಲಿ ಕೆಟ್ಟ ಜೀನ್ ಯಾವುದೆಂದು ನೋಡಿದರೆ, ಯಂತ್ರದ ಭಾಗಗಳು ಒಂದೊಂದಾಗಿ ಕೈಗೆ ಬರುತ್ತವೆ. ತೊಂದರೆಯೇನೆಂದರೆ, ಅಂಥ ಯೀಸ್ಟ್ ಬದುಕುವುದಿಲ್ಲ. ಅದಕ್ಕೆ ಶೆಕ್‌ಮನ್ ಮತ್ತು ಅವರ ವಿದ್ಯಾರ್ಥಿ ಪೀಟರ್ ನೊವಿಕ್, ತಂಪಿನಲ್ಲಿ ಚೆನ್ನಾಗಿದ್ದು 37 ಡಿಗ್ರಿಗೆ ಏರಿಸಿದಾಗ ಮಾತ್ರ ಕೆಡುವ ತಳಿಗಳನ್ನು ಹುಡುಕಿದರು. 1979ರಲ್ಲಿ ಮೊದಲನೆಯದು ಸಿಕ್ಕಿತು. ಎಲೆಕ್ಟ್ರಾನ್ ಚಿತ್ರದಲ್ಲಿ ಆ ಕೋಶದ ಒಳಗೆಲ್ಲ ಚೀಲಗಳೇ ಚೀಲಗಳು. ಪೊರೆಯವರೆಗೆ ಬಂದಿವೆ, ಕೂಡಿಕೊಳ್ಳಲಾಗದೆ ರಾಶಿ ಬಿದ್ದಿವೆ. ಆಮೇಲೆ ಅವರಿಗೆ ಒಂದು ಜಾಣ ಉಪಾಯ ಹೊಳೆಯಿತು. ಒಳಗೆ ತಯಾರಿಕೆ ನಡೆಯುತ್ತಲೇ ಇದ್ದು ಹೊರಗೆ ಹೋಗುವುದು ನಿಂತರೆ, ಕೋಶ ಹಿಗ್ಗದೆ ಸಾಂದ್ರತೆ ಮಾತ್ರ ಹೆಚ್ಚುತ್ತದೆ. ಹಾಗಾದರೆ ದಟ್ಟ ದ್ರವದಲ್ಲಿ ಹಾಕಿ ತಿರುಗಿಸಿದರೆ ಕೆಟ್ಟ ಕೋಶಗಳು ತಳಕ್ಕೆ ಇಳಿಯಬೇಕು. ಇಳಿದವು. ಕೊಳವೆಯ ತಳದಿಂದ ಎತ್ತಿ ಬೆಳೆಸಿದ ತಳಿಗಳಿಂದ 1980ರ ಹೊತ್ತಿಗೆ 23 ಜೀನ್‌ಗಳು ಪತ್ತೆಯಾದವು.

ಜೇಮ್ಸ್ ರಾಥ್‌ಮನ್ ಹಿಡಿದ ದಾರಿ ಇದಕ್ಕೆ ತದ್ವಿರುದ್ಧ. ಸ್ಟ್ಯಾನ್‌ಫರ್ಡಿನಲ್ಲಿ ಅವರು ಕೋಶಗಳನ್ನು ಜಜ್ಜಿ, ಅದರ ಸಾರದಲ್ಲೇ, ಜೀವಂತ ಕೋಶವೇ ಇಲ್ಲದೆ, ಚೀಲಗಳು ಗಾಲ್ಗಿಯ ಪೊರೆಗೆ ಕೂಡಿಕೊಳ್ಳುವಂತೆ ಮಾಡಿದರು. ಆಗುವುದಿಲ್ಲವೆಂದು ಹಲವರು ಅಂದಿದ್ದರು. ಆ ಸಾರಕ್ಕೆ ಎನ್-ಈಥೈಲ್‌ಮಲಿಮೈಡ್ ಎಂಬ ರಾಸಾಯನಿಕ ಬೆರೆಸಿದರೆ ಕೂಡಿಕೆ ನಿಲ್ಲುತ್ತಿತ್ತು. ಯಾವ ಪ್ರೋಟೀನನ್ನು ಮತ್ತೆ ಸೇರಿಸಿದರೆ ಅದು ಪುನಃ ನಡೆಯುತ್ತದೆ ಎಂದು ಹುಡುಕಿ 1988ರಲ್ಲಿ ಒಂದನ್ನು ಬೇರ್ಪಡಿಸಿದರು. ಎನ್‌ಎಸ್‌ಎಫ್ ಎಂದು ಕರೆದರು. ಅದರ ರಚನೆ ನೋಡಿದರೆ, ಶೆಕ್‌ಮನ್ ಯೀಸ್ಟಿನ 18ನೆಯ ಜೀನ್ ಕೊಡುವ ಪ್ರೋಟೀನೂ ಅದೇ! ಜಜ್ಜಿದ ಪ್ರಾಣಿಕೋಶ ಒಂದು ಕಡೆ, ಕಾವಿಗೆ ಕೆಡುವ ಯೀಸ್ಟ್ ಇನ್ನೊಂದು ಕಡೆ. ನೂರು ಕೋಟಿ ವರ್ಷ ಹಿಂದೆ ಕವಲೊಡೆದ ಜೀವಿಗಳು ಒಂದೇ ಯಂತ್ರ ಬಳಸುತ್ತಿವೆ.

ಮೂರನೆಯ ದಾರಿಯೊಂದು ಇತ್ತು, ಅದನ್ನು ಪಠ್ಯಗಳು ಹೇಳುವುದು ಕಡಿಮೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದ ಒಬೈದ್ ಸಿದ್ದಿಕಿ 1970ರ ದಶಕದಲ್ಲಿ ಅಮೆರಿಕದ ಸೀಮೋರ್ ಬೆಂಜರ್ ಜೊತೆ ಹಣ್ಣುನೊಣಗಳ ಮೇಲೆ ಕೆಲಸ ಮಾಡಿದರು. ಬಾಳೆಹಣ್ಣಿನ ಮೇಲೆ ಕೂರುವ ಆ ಸಣ್ಣ ನೊಣವೇ. ಕೆಲವು ತಳಿಗಳು ತಂಪಿನಲ್ಲಿ ಓಡಾಡಿಕೊಂಡಿರುತ್ತವೆ, ಬಿಸಿ ಮಾಡಿದರೆ ಲಕ್ವ ಹೊಡೆದಂತೆ ಬೀಳುತ್ತವೆ. 1976ರಲ್ಲಿ ಇಬ್ಬರೂ ಸೇರಿ ಇಂಥ ನೊಣಗಳ ನರದೋಷಗಳ ಬಗ್ಗೆ ಪ್ರಕಟಿಸಿದ ಲೇಖನದಲ್ಲಿ ಕೊಮಟೋಸ್ ಎಂಬ ತಳಿಯಿದೆ. ಅದು ಬೇಗ ಏಳುವುದಿಲ್ಲ; ತಂಪಿಗೆ ತಂದ ಮೇಲೂ ಬಹಳ ಹೊತ್ತು ಬಿದ್ದೇ ಇರುತ್ತದೆ. ಅದರಲ್ಲಿ ಯಾವ ಜೀನ್ ಕೆಟ್ಟಿದೆಯೆಂದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬ್ಯಾರಿ ಗ್ಯಾನೆಟ್ಸ್ಕಿ ಗುಂಪು 1995ರಲ್ಲಿ ತೋರಿಸಿತು: ಎನ್‌ಎಸ್‌ಎಫ್. ಶೆಕ್‌ಮನ್ ಯೀಸ್ಟಿನಲ್ಲಿ ಸಿಕ್ಕಿದ್ದು, ರಾಥ್‌ಮನ್ ಸಾರದಲ್ಲಿ ಸಿಕ್ಕಿದ್ದು, ಸಿದ್ದಿಕಿ ನೊಣದಲ್ಲಿ ಇಪ್ಪತ್ತು ವರ್ಷ ಮುಂಚೆ ಬಿದ್ದುಕೊಂಡಿದ್ದದ್ದು, ಎಲ್ಲವೂ ಒಂದೇ ಪ್ರೋಟೀನು. ಅಷ್ಟು ಹೊತ್ತಿಗೆ ಸಿದ್ದಿಕಿ ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟುತ್ತಿದ್ದರು.

1993ರ ಮಾರ್ಚ್‌ನಲ್ಲಿ ಗಂಟು ಬಿಚ್ಚಿತು. ರಾಥ್‌ಮನ್ ಗುಂಪಿನ ಥಾಮಸ್ ಸೊಲ್ನರ್ ಹಸುವಿನ ಮಿದುಳಿನ ಸಾರದಿಂದ, ಎನ್‌ಎಸ್‌ಎಫ್ ಮತ್ತು ಅದರ ಜೊತೆಗಾರ ಪ್ರೋಟೀನು ಯಾವುದಕ್ಕೆ ಅಂಟುತ್ತವೆ ಎಂದು ನೋಡಿದರು. ಸಿಕ್ಕಿದ್ದು ಮೂರು. ಮೂರೂ ನರತುದಿಯಲ್ಲಿ ಮೊದಲೇ ಕಂಡಿದ್ದವು, ಕೆಲಸ ಮಾತ್ರ ಗೊತ್ತಿರಲಿಲ್ಲ. ಸಿನಾಪ್ಟೊಬ್ರೆವಿನ್ ಚೀಲದ ಮೇಲಿತ್ತು. ಸಿಂಟ್ಯಾಕ್ಸಿನ್ ಮತ್ತು ಸ್ನ್ಯಾಪ್-25 ಕೋಶದ ಪೊರೆಯಲ್ಲಿದ್ದವು. ಒಟ್ಟಾರೆ ಇವಕ್ಕೆ ಸ್ನೇರ್ ಪ್ರೋಟೀನುಗಳೆಂದು ಹೆಸರಾಯಿತು. ಅದಕ್ಕೆ ಕೆಲ ತಿಂಗಳ ಮೊದಲು, 1992ರಲ್ಲಿ, ಇಟಲಿಯ ಪಾದುವಾದ ಚೆಸಾರೆ ಮಾಂಟೆಕುಕ್ಕೊ ಗುಂಪು ಧನುರ್ವಾಯುವಿನ ವಿಷ ಏನು ಮಾಡುತ್ತದೆ ಎಂದು ಕಂಡುಹಿಡಿದಿತ್ತು. ತುಕ್ಕು ಮೊಳೆ ಚುಚ್ಚಿದರೆ ಓಡಿಹೋಗಿ ಟಿಟಿ ಇಂಜೆಕ್ಷನ್ ಹಾಕಿಸಿಕೊಳ್ಳುತ್ತೇವಲ್ಲ, ಆ ರೋಗದ ವಿಷವೇ. ಅದು ಸಿನಾಪ್ಟೊಬ್ರೆವಿನ್ ಒಂದನ್ನೇ ಹುಡುಕಿ, ಒಂದೇ ಕಡೆ ಕತ್ತರಿಸುತ್ತದೆ. ಮುಖದ ಸುಕ್ಕಿಗೆ ಚುಚ್ಚಿಸಿಕೊಳ್ಳುವ ಬೊಟಾಕ್ಸ್ ಸ್ನ್ಯಾಪ್-25 ಅನ್ನು ಕತ್ತರಿಸುತ್ತದೆ ಎಂದು ಮರುವರ್ಷ ತಿಳಿಯಿತು. ಒಂದನ್ನು ಕತ್ತರಿಸಿದರೆ ಇಡೀ ಬಿಡುಗಡೆ ನಿಲ್ಲುತ್ತದೆ ಎಂದರೆ ಅದೇ ಯಂತ್ರದ ಹೃದಯ ಎಂದಾಯಿತು. 1995ರಲ್ಲಿ ಜಿನೀವಾದಲ್ಲಿ ಇದೇ ವಿಷಗಳನ್ನು ಇನ್ಸುಲಿನ್ ಬಿಡುವ ಕೋಶಗಳೊಳಗೆ ಸೇರಿಸಿ ನೋಡಿದರು. ಇನ್ಸುಲಿನ್ ಬರುವುದು ನಿಂತಿತು.

ಈ ಮೂರು ಪ್ರೋಟೀನುಗಳು ಮಾಡುವ ಕೆಲಸ ಜಡೆ ಹೆಣೆಯುವುದು. ಸ್ನ್ಯಾಪ್-25 ಎರಡು ಎಳೆ ಕೊಡುತ್ತದೆ, ಉಳಿದವು ಒಂದೊಂದು. ಒಟ್ಟು ನಾಲ್ಕು ಕಾಲಿನ ಜಡೆ. ಪೊರೆಯಿಂದ ದೂರದ ತುದಿಯಲ್ಲಿ ಹೆಣಿಗೆ ಶುರುವಾಗಿ ಪೊರೆಯ ಕಡೆಗೆ ಬಿಗಿಯುತ್ತಾ ಬರುತ್ತದೆ. ಒಂದು ಎಳೆಯ ಬುಡ ಚೀಲದಲ್ಲಿ, ಮತ್ತೊಂದರದು ಕೋಶದ ಪೊರೆಯಲ್ಲಿ ನೆಟ್ಟಿರುವುದರಿಂದ, ಜಡೆ ಬಿಗಿದಂತೆ ಎರಡು ಪೊರೆಗಳೂ ಒತ್ತಿಕೊಂಡು, ನಡುವಿನ ನೀರು ಹಿಂಡಿಹೋಗಿ, ಕೊಬ್ಬು ಕೊಬ್ಬಿಗೆ ಬೆರೆಯುತ್ತದೆ. 1998ರಲ್ಲಿ ಈ ನಾಲ್ಕೆಳೆಯ ಹರಳಿನ ರಚನೆ ಬಿಡಿಸಿದರು. ಅದೇ ವರ್ಷ ರಾಥ್‌ಮನ್ ಗುಂಪು ಕೃತಕ ಕೊಬ್ಬಿನ ಚೀಲಗಳಲ್ಲಿ ಈ ಪ್ರೋಟೀನುಗಳನ್ನು ಮಾತ್ರ ನೆಟ್ಟು, ಅವು ಕೂಡಿಕೊಳ್ಳುವುದನ್ನು ತೋರಿಸಿತು. ಎನ್‌ಎಸ್‌ಎಫ್ ಪಾತ್ರವೂ ಸ್ಪಷ್ಟವಾಯಿತು. ಕೂಡಿಸುವುದು ಅದರ ಕೆಲಸವಲ್ಲ. ಕೆಲಸ ಮುಗಿದ ಜಡೆಯನ್ನು ಬಿಚ್ಚಿ, ಎಳೆಗಳನ್ನು ಮತ್ತೆ ಹೆಣೆಯಲು ಸಿದ್ಧ ಮಾಡುವುದು ಅದರ ಕೆಲಸ. ಕೊಮಟೋಸ್ ನೊಣದಲ್ಲಿ ಬಿಸಿಯಾದಾಗ ಜಡೆಗಳು ಬಿಚ್ಚದೆ ಉಳಿದು, ಹೊಸದಾಗಿ ಹೆಣೆಯಲು ಎಳೆ ಸಾಲದೆ ನರಗಳು ಮೂಕವಾಗುತ್ತಿದ್ದವು.

ಕ್ಯಾಲ್ಸಿಯಂ ಬಂದಿದೆ ಎಂದು ಈ ಯಂತ್ರಕ್ಕೆ ತಿಳಿಸುವ ಪ್ರೋಟೀನನ್ನು ಡಲ್ಲಾಸ್‌ನಲ್ಲಿದ್ದ ಥಾಮಸ್ ಸುಡೋಫ್ 1990ರಿಂದ ಬೆನ್ನಟ್ಟಿ, ಅದು ಸಿನಾಪ್ಟೊಟ್ಯಾಗ್ಮಿನ್ ಎಂದು ಸಾಬೀತು ಮಾಡಿದರು. ಬೀಟಾ ಕೋಶದಲ್ಲಿ ಅದೇ ಮನೆತನದ 7ನೆಯ ಸಂಖ್ಯೆಯ ಪ್ರೋಟೀನು ಆ ಕೆಲಸದಲ್ಲಿ ಮುಖ್ಯ ಪಾತ್ರ ವಹಿಸುತ್ತದೆ. ಶೆಕ್‌ಮನ್, ರಾಥ್‌ಮನ್, ಸುಡೋಫ್ ಮೂವರಿಗೂ 2013ರ ಅಕ್ಟೋಬರಿನಲ್ಲಿ ನೊಬೆಲ್ ಘೋಷಣೆಯಾಯಿತು. ಒಬೈದ್ ಸಿದ್ದಿಕಿ ಅದೇ ವರ್ಷದ ಜುಲೈನಲ್ಲಿ, ಬೆಂಗಳೂರಿನ ರಸ್ತೆ ಅಪಘಾತವೊಂದರಲ್ಲಿ ಗಾಯಗೊಂಡು ತೀರಿಕೊಂಡಿದ್ದರು. ನಮ್ಮ ಪತ್ರಿಕೆಗಳು ನೊಬೆಲ್ ಸುದ್ದಿಯ ಜೊತೆ ಅವರ ನೊಣದ ಮಾತನ್ನು ಒಂದು ಸಾಲಾದರೂ ಬರೆಯಬೇಕಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ಯೀಸ್ಟಿನ ಕಥೆಗೆ ಒಂದು ಮುಂದುವರಿಕೆ ಇದೆ. ಬೆಂಗಳೂರಿನ ಬಯೋಕಾನ್ 2004ರಲ್ಲಿ ಮಾರುಕಟ್ಟೆಗೆ ತಂದ ಮಾನವ ಇನ್ಸುಲಿನ್ ತಯಾರಾಗುವುದು ಪಿಕಿಯಾ ಎಂಬ ಯೀಸ್ಟಿನಲ್ಲಿ. ಯೀಸ್ಟಿಗೆ ಇನ್ಸುಲಿನ್ ಜೀನ್ ಸೇರಿಸುತ್ತಾರೆ. ಅದು ಇನ್ಸುಲಿನ್ನಿನ ಪೂರ್ವರೂಪವನ್ನು ಮಾಡಿ, ಚೀಲದಲ್ಲಿ ತುಂಬಿ, ಪೊರೆಗೆ ಕೂಡಿಸಿ, ಸುತ್ತಲಿನ ದ್ರವಕ್ಕೆ ಬಿಡುತ್ತದೆ. ಶೆಕ್‌ಮನ್ 23 ಜೀನ್‌ಗಳಲ್ಲಿ ಗುರುತಿಸಿದ ದಾರಿಯೇ ಅದು. ಬೀಟಾ ಕೋಶ ಸತ್ತವರಿಗೆ ಬೇಕಾದ ಹಾರ್ಮೋನು ಇನ್ನೊಂದು ಜೀವಿಯ ಪೊರೆಗಳನ್ನು ದಾಟಿ ಬಾಟಲಿಗೆ ಬರುತ್ತಿದೆ.

ಇಷ್ಟೆಲ್ಲ ಬರೆದದ್ದಕ್ಕೆ ಒಂದು ಕಾರಣವಿದೆ. ಟೈಪ್ 2 ಕಾಯಿಲೆಯಲ್ಲಿ ಬೀಟಾ ಕೋಶಗಳು ಇರುತ್ತವೆ. ಊಟದ ಕೂಡಲೇ ಬರಬೇಕಾದ ಮೊದಲ ಅಲೆಯ ಬಿಡುಗಡೆ ಸೊರಗಿರುತ್ತದೆ. ಅಲ್ಲಿ ಮಾತ್ರೆಗೆ ಕೆಲಸವಿದೆ. ಟೈಪ್ 1 ಮಕ್ಕಳಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಬೀಟಾ ಕೋಶಗಳನ್ನು ಕೊಂದುಹಾಕಿರುತ್ತದೆ. ಕಣವಿಲ್ಲ, ಚೀಲವಿಲ್ಲ, ಹೆಣೆಯಲು ಎಳೆಯಿಲ್ಲ. ಅಂಥ ಮಗುವಿಗೆ ಅಮೃತಬಳ್ಳಿಯಾಗಲಿ, ಹಾಗಲಕಾಯಿ ರಸವಾಗಲಿ, ಯಾವ ಊರಿನ ಪುಡಿಯಾಗಲಿ ಇನ್ಸುಲಿನ್ ಬಿಡಿಸಿಕೊಡಲಾರದು, ಬಿಡಿಸಲು ಒಳಗೆ ಏನೂ ಇಲ್ಲ. ಯಾರದೋ ಮಾತು ಕೇಳಿ ಇಂಜೆಕ್ಷನ್ ನಿಲ್ಲಿಸಿ, ಉಬ್ಬಸ ಹತ್ತಿ ಎಚ್ಚರ ತಪ್ಪಿದ ಮಕ್ಕಳನ್ನು ಹೆತ್ತವರು ಎತ್ತಿಕೊಂಡು ಆಸ್ಪತ್ರೆಗೆ ಓಡಿಬರುವುದನ್ನು ನಾನು ನೋಡಿದ್ದೇನೆ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ, ಶಾಲೆಯಲ್ಲಿ ಅಂಥ ಮಗುವಿದ್ದರೆ, ಹಬ್ಬವಿರಲಿ, ಜ್ವರವಿರಲಿ, ಊಟ ಸೇರದಿರಲಿ, ಡೋಸ್ ಬದಲಿಸುವ ಮಾತಿದ್ದರೆ ವೈದ್ಯರನ್ನು ಕೇಳಿ. ನೀವಾಗಿ ಒಂದು ಹೊತ್ತಿನ ಇನ್ಸುಲಿನ್ ಕೂಡ ನಿಲ್ಲಿಸಬೇಡಿ.